ಬೆನ್ನಿಗೆ ಚುಚ್ಚಿದ ಸೂಜಿ

1891ರಲ್ಲಿ ಇಬ್ಬರು ವೈದ್ಯರು ಬೇರೆ ಬೇರೆ ದೇಶಗಳಿಂದ ಹೆಚ್ಚುಕಡಿಮೆ ಒಂದೇ ಉಪಾಯವನ್ನು ವೈದ್ಯಲೋಕದ ಮುಂದಿಟ್ಟರು. ಲಂಡನ್ನಿನ ವಾಲ್ಟರ್ ಎಸೆಕ್ಸ್ ವಿಂಟರ್, ಕ್ಷಯ ಮೆದುಳಿನ ಪೊರೆಗೆ ತಗುಲಿದ್ದ ನಾಲ್ವರ ಬೆನ್ನಿನ ಚರ್ಮ ಕೊಯ್ದು, ಸಣ್ಣ ಕೊಳವೆ ತೂರಿಸಿ, ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ನೀರನ್ನು ಹರಿಯಬಿಟ್ಟಿದ್ದರು. ನಾಲ್ವರೂ ಉಳಿಯಲಿಲ್ಲ. ಜರ್ಮನಿಯ ಕೀಲ್ ನಗರದ ಹೈನ್ರಿಶ್ ಕ್ವಿಂಕೆ ಕೊಯ್ಯುವ ಗೋಜಿಗೆ ಹೋಗದೆ ಟೊಳ್ಳು ಸೂಜಿ ಚುಚ್ಚಿದರು. ಅವರ ಮೊದಲ ರೋಗಿಗಳಲ್ಲಿ ಎರಡು ವರ್ಷ ತುಂಬದ, ಪ್ರಜ್ಞೆ ತಪ್ಪಿದ್ದ ಗಂಡುಮಗುವೊಂದಿತ್ತು. ಅದು ಬದುಕಿತು.

ಇಬ್ಬರ ಉದ್ದೇಶವೂ ತಲೆಬುರುಡೆಯೊಳಗಿನ ಒತ್ತಡ ಇಳಿಸುವುದೇ ಆಗಿತ್ತು. ಚಿಕಿತ್ಸೆಗೆಂದು ಹಿಡಿದ ಸೂಜಿ ಅದು. ಪರೀಕ್ಷೆಯ ಸಾಧನವಾಗಿದ್ದು ಆಮೇಲೆ.

ಅದಕ್ಕೂ ಮೊದಲು ಮೆದುಳಿನ ಪೊರೆಯ ಉರಿಯೂತವನ್ನು, ಅಂದರೆ ಮೆನಿಂಜೈಟಿಸ್ ಅನ್ನು, ಕಣ್ಣಾರೆ ಕಾಣಲು ಹೆಣ ಕೊಯ್ಯುವುದೊಂದೇ ದಾರಿ. 1805ರ ವಸಂತದಲ್ಲಿ ಜಿನೀವಾದಲ್ಲಿ ಜ್ವರ, ವಾಂತಿ, ಸಹಿಸಲಾರದ ತಲೆನೋವು ಶುರುವಾಗಿ 33 ಮಂದಿ ಸತ್ತರು. ಗಾಸ್ಪಾರ್ ವ್ಯೂಸೋ ಎಂಬ ವೈದ್ಯರು ಅದನ್ನು ವಿವರವಾಗಿ ಬರೆದಿಟ್ಟರು. ಸಾಂಕ್ರಾಮಿಕ ಮೆನಿಂಜೈಟಿಸ್‌ನ ಮೊದಲ ಸ್ಪಷ್ಟ ದಾಖಲೆ ಅದು. ಕಾರಣ ತಿಳಿಯಲು ಇನ್ನೂ ಎಂಟು ದಶಕ ಬೇಕಾಯಿತು. 1887ರಲ್ಲಿ ವಿಯೆನ್ನಾದ ಆಂಟನ್ ವೈಕ್ಸೆಲ್‌ಬೌಮ್, ಜೋಡಿಜೋಡಿಯಾಗಿ ಕೂರುವ ಒಂದು ಬ್ಯಾಕ್ಟೀರಿಯಾವನ್ನು ಪತ್ತೆಮಾಡಿದರು. ಇಂದು ಅದರ ಹೆಸರು ಮೆನಿಂಗೊಕಾಕಸ್.

ಕ್ವಿಂಕೆಯವರ ಧೈರ್ಯಕ್ಕೆ ಆಧಾರ ಶರೀರರಚನೆಯ ಒಂದು ಅನುಕೂಲ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಅದರ ಕೆಳಗೆ ನೀರಿನ ಚೀಲ ಮಾತ್ರ ಮುಂದುವರಿಯುತ್ತದೆ, ಅದರಲ್ಲಿ ನರಗಳ ಎಳೆಗಳು ಸಡಿಲವಾಗಿ ತೇಲುತ್ತಿರುತ್ತವೆ. ಸೂಜಿ ಹೋಗುವುದು ಅಲ್ಲಿಗೆ. ‘ಬೆನ್ನಿಂದ ನೀರು ತೆಗೆದರೆ ಕಾಲು ಬಿದ್ದುಹೋಗುತ್ತೆ’ ಎಂದು ಇವತ್ತಿಗೂ ವಾರ್ಡಿನ ಹೊರಗೆ ನಿಂತು ಹೆದರುವ ಮನೆಯವರಿಗೆ ವೈದ್ಯರು ಹೇಳುವುದು ಇದನ್ನೇ.

ಹೊರಬಂದ ನೀರನ್ನು ಕ್ವಿಂಕೆ ಚೆಲ್ಲಲಿಲ್ಲ. ಒತ್ತಡ ಅಳೆದರು, ಸಕ್ಕರೆ ಮತ್ತು ಪ್ರೋಟೀನ್ ನೋಡಿದರು, ಜೀವಕೋಶ ಎಣಿಸಿದರು. ನಂತರದ ವರ್ಷಗಳಲ್ಲಿ ಆ ನೀರನ್ನು ಓದುವ ವಿದ್ಯೆಯೇ ಬೆಳೆಯಿತು. ಆರೋಗ್ಯವಂತರಲ್ಲಿ ಅದು ತಿಳಿನೀರು. ಕೀವುಗಟ್ಟಿಸುವ ಬ್ಯಾಕ್ಟೀರಿಯಾ ಇದ್ದರೆ ಅಕ್ಕಿ ತೊಳೆದ ನೀರಿನಂತೆ ಕದಡಿರುತ್ತದೆ, ಸಕ್ಕರೆ ಕುಸಿದಿರುತ್ತದೆ. ಕ್ಷಯವಾದರೆ, ಸುಮ್ಮನೆ ಇಟ್ಟ ಟ್ಯೂಬಿನಲ್ಲಿ ಜೇಡರ ಬಲೆಯಂಥ ಎಳೆ ಕಟ್ಟುವುದುಂಟು. ವೈರಸ್ ಇದ್ದಾಗ ಸಕ್ಕರೆ ಸಾಮಾನ್ಯವಾಗಿ ಇಳಿಯುವುದಿಲ್ಲ.

ನೀರು ತೆಗೆಯುವ ದಾರಿಯಲ್ಲೇ ಔಷಧ ಹಾಕಿದರೇನು? ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಸೈಮನ್ ಫ್ಲೆಕ್ಸ್‌ನರ್ ಕುದುರೆಗಳಿಗೆ ಮೆನಿಂಗೊಕಾಕಸ್ ಚುಚ್ಚಿ, ಅವುಗಳ ರಕ್ತದಿಂದ ಪ್ರತಿಕಾಯಗಳಿರುವ ಸೀರಮ್ ತೆಗೆದು, ರೋಗಿಗಳ ಬೆನ್ನಿನೊಳಗೆ ಕೊಡಿಸಿದರು. 1913ರಲ್ಲಿ ಸುಮಾರು 1,300 ರೋಗಿಗಳ ಲೆಕ್ಕ ಒಪ್ಪಿಸಿದಾಗ ಸತ್ತವರು ಶೇ. 31ರಷ್ಟು. ಸೀರಮ್ ಇಲ್ಲದ ಕಾಲದಲ್ಲಿ ನಾಲ್ವರಲ್ಲಿ ಮೂವರು ಸಾಯುತ್ತಿದ್ದರು.

1937ರ ಹೊತ್ತಿಗೆ ಬ್ಯಾಕ್ಟೀರಿಯಾ ತಡೆಯುವ ಸಲ್ಫಾ ಔಷಧ ಬಂತು, ಕುದುರೆಯ ಸೀರಮ್ ಹಿಂದೆ ಸರಿಯಿತು. ಕ್ಷಯದ ಮೆನಿಂಜೈಟಿಸ್ ಮಾತ್ರ ಜಗ್ಗಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಪರೀಕ್ಷಿಸಿದಾಗ, ಶ್ವಾಸಕೋಶದ ಕ್ಷಯಕ್ಕೆ ಔಷಧ ಕೊಡದ ಗುಂಪೊಂದನ್ನು ಹೋಲಿಕೆಗೆ ಇಟ್ಟಿತ್ತು. ಮೆದುಳಿನ ಕ್ಷಯಕ್ಕೆ ಅಂಥ ಗುಂಪು ಇಡಲಿಲ್ಲ. ಔಷಧವಿಲ್ಲದೆ ಯಾರೂ ಬದುಕುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಈ ಔಷಧವನ್ನು ಮಕ್ಕಳು ವಾರಗಟ್ಟಲೆ ಬೆನ್ನಿಗೆ ಚುಚ್ಚಿಸಿಕೊಂಡರು. ಉಳಿದವರಲ್ಲಿ ಕೆಲವರ ಕಿವಿಯನ್ನು ಅದೇ ಔಷಧ ಕಿವುಡಾಗಿಸಿತು. 1952ರಲ್ಲಿ ಬಂದ ಐಸೊನಿಯಾಜಿಡ್ ಎಂಬ ಕ್ಷಯದ ಔಷಧ ಬಾಯಿಂದ ನುಂಗಿದರೂ ಮೆದುಳಿನ ನೀರಿಗೆ ಸಲೀಸಾಗಿ ಇಳಿಯುತ್ತಿತ್ತು. ದಿನದಿನದ ಚುಚ್ಚು ನಿಂತಿತು.

ಈಗ ಸೂಜಿಯ ಮುಖ್ಯ ಕೆಲಸ ಪತ್ತೆ. ಮೆದುಳಿನಲ್ಲಿ ಗಡ್ಡೆಯೋ ಬಾವೋ ಇರುವ ಅನುಮಾನವಿದ್ದರೆ ಮೊದಲು ಸ್ಕ್ಯಾನ್ ಮಾಡುತ್ತಾರೆ. ಹಾಗಿರುವಾಗ ಕೆಳಗಿನಿಂದ ನೀರು ತೆಗೆದರೆ ಮೆದುಳು ಕೆಳಕ್ಕೆ ಜಾರಬಹುದು. ಸ್ಕ್ಯಾನ್ ಮುಗಿಯುವವರೆಗೆ ಆ್ಯಂಟಿಬಯೊಟಿಕ್ ಮಾತ್ರ ತಡೆದಿಡುವುದಿಲ್ಲ. ಆದರೆ ಚಿಕಿತ್ಸೆಗೂ ಸೂಜಿ ಉಳಿದಿದೆ: ಎಚ್‌ಐವಿ ಇರುವವರನ್ನು ಹೆಚ್ಚಾಗಿ ಕಾಡುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ಮೆನಿಂಜೈಟಿಸ್‌ನಲ್ಲಿ ಒತ್ತಡ ವಿಪರೀತ ಏರಿದಾಗ, ವೈದ್ಯರು ದಿನಕ್ಕೊಮ್ಮೆಯಾದರೂ ನೀರು ತೆಗೆಯುತ್ತಾರೆ. ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಮಂಡಿ ಎದೆಗೆ ಮಡಿಸಿ, ಕ್ವಿಂಕೆ ಮಾಡಿದ ಹಾಗೆಯೇ, ಅವರು ಮಾಡಿದ ಕಾರಣಕ್ಕೇ.