ಪಾಯಿಂಟ್ ರಾಬರ್ಟ್ಸ್: ಒಂದು ಗೆರೆ ಕತ್ತರಿಸಿದ ಊರು

ಗಡಿಯಂಚಿನಲ್ಲಿ ಬಾಳುವ ನಮ್ಮ ಸದಸ್ಯರಿಗೆ ಈ ಬಾರಿ ಬಹು ದೂರದ ಒಂದು ಗಡಿ ಊರನ್ನು ಪರಿಚಯಿಸುತ್ತಿದ್ದೇವೆ. ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೆ ಸೇರಿದ ಪಾಯಿಂಟ್ ರಾಬರ್ಟ್ಸ್‌ಗೆ ತನ್ನದೇ ದೇಶದಿಂದ ನೆಲದ ಮೇಲೆ ನೇರ ದಾರಿಯಿಲ್ಲ. ರಸ್ತೆಯಲ್ಲಿ ಹೋಗುವವರು ಕೆನಡಾವನ್ನು ಹಾದೇ ಹೋಗಬೇಕು.

ಎಲ್ಲಿದೆ?

ಕೆನಡಾದ ವ್ಯಾಂಕೂವರ್ ನಗರದ ದಕ್ಷಿಣಕ್ಕೆ ಸಮುದ್ರದೊಳಗೆ ಚಾಚಿಕೊಂಡ ಒಂದು ಪರ್ಯಾಯದ್ವೀಪವಿದೆ. ಅದರ ತುದಿಯೇ ಈ ಊರು. ಪೂರ್ವಕ್ಕೆ ಬೌಂಡರಿ ಕೊಲ್ಲಿ, ದಕ್ಷಿಣ ಮತ್ತು ಪಶ್ಚಿಮಕ್ಕೆ ಜಾರ್ಜಿಯಾ ಜಲಸಂಧಿ, ಉತ್ತರಕ್ಕೆ ಕೆನಡಾ. ವಿಸ್ತೀರ್ಣ ಸುಮಾರು 12.6 ಚದರ ಕಿ.ಮೀ. 2020ರ ಜನಗಣತಿಯಂತೆ ಜನಸಂಖ್ಯೆ 1,191. ಊರು ವಾಟ್ಕಮ್ ಕೌಂಟಿಗೆ ಸೇರಿದ್ದು, ಜಿಲ್ಲಾ ಕೇಂದ್ರ ಬೆಲ್ಲಿಂಗ್‌ಹ್ಯಾಮ್. ಹತ್ತಿರದ ಅಮೆರಿಕನ್ ಪಟ್ಟಣ ಬ್ಲೇನ್‌ಗೆ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಆ ದಾರಿಯಲ್ಲಿ ಎರಡು ಅಂತರರಾಷ್ಟ್ರೀಯ ತಪಾಸಣಾ ಠಾಣೆಗಳು ಸಿಗುತ್ತವೆ.

ಗೆರೆ ಬಿದ್ದ ಬಗೆ

ಇಲ್ಲಿ ಮೊದಲಿನಿಂದಲೂ ಬಲೆ ಬೀಸುತ್ತಿದ್ದವರು ಕೋಸ್ಟ್ ಸೇಲಿಶ್ ಮೂಲನಿವಾಸಿಗಳು. ಫ್ರೇಸರ್ ನದಿಯತ್ತ ಸಾಗುವ ಸಾಲ್ಮನ್ ಮೀನು ಈ ತುದಿಯನ್ನು ಬಳಸಿಯೇ ಹೋಗುತ್ತಿತ್ತು. 1792ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ತನ್ನ ಗೆಳೆಯ ಹೆನ್ರಿ ರಾಬರ್ಟ್ಸ್‌ನ ಹೆಸರನ್ನು ಈ ಜಾಗಕ್ಕೆ ಇಟ್ಟನು.

1846ರ ಒರೆಗಾನ್ ಒಪ್ಪಂದದಲ್ಲಿ ಬ್ರಿಟನ್ ಮತ್ತು ಅಮೆರಿಕ ಉತ್ತರದ 49ನೇ ಅಕ್ಷಾಂಶವನ್ನು ಗಡಿಯೆಂದು ಒಪ್ಪಿದವು. ವ್ಯಾಂಕೂವರ್ ದ್ವೀಪದ ದಕ್ಷಿಣ ಭಾಗ ಈ ಅಕ್ಷಾಂಶಕ್ಕಿಂತ ಕೆಳಗಿದ್ದರೂ ಇಡೀ ದ್ವೀಪ ಬ್ರಿಟನ್ನಿಗೇ ಉಳಿಯಲೆಂದು ಗಡಿಯನ್ನು ಕಡಲಿನಲ್ಲಿ ಬಾಗಿಸಿದರು. ಈ ಪುಟ್ಟ ತುದಿಗೆ ಅಂಥ ವಿನಾಯಿತಿ ಸಿಗಲಿಲ್ಲ. ಗೆರೆ ನೇರವಾಗಿ ಇದರ ಕುತ್ತಿಗೆಯ ಮೇಲೆಯೇ ಹಾದುಹೋಯಿತು. 1861ರಲ್ಲಿ ಪಶ್ಚಿಮದ ಕಡಿದಾದ ದಂಡೆಯ ಮೇಲೆ ನೆಟ್ಟ ಒಂದನೇ ಸಂಖ್ಯೆಯ ಗಡಿಗಲ್ಲು ಇಂದಿಗೂ ಅಲ್ಲೇ ಇದೆ.

ನೆಲೆಸಿದವರು

ಅಮೆರಿಕ ಸರ್ಕಾರ ಇದನ್ನು ಸೇನೆಗೆಂದು ಕಾದಿರಿಸಿತ್ತು. 1890ರ ದಶಕದಲ್ಲಿ ಐಸ್‌ಲ್ಯಾಂಡ್ ಮೂಲದ ಕುಟುಂಬಗಳು ಕೆಲಸ ಹುಡುಕುತ್ತ ಬಂದು, ಕಾಡು ಕಡಿದು, ದನಕುರಿ ಸಾಕಿ ನೆಲೆನಿಂತವು. ಅವರ ಕೈಯಲ್ಲಿ ಪಟ್ಟಾ ಇರಲಿಲ್ಲ. ವರ್ಷಗಟ್ಟಲೆ ಅರ್ಜಿ ಹಾಕಿದ ಮೇಲೆ, 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಕಾಲದಲ್ಲಿ, ಉಳುವ ನೆಲದ ಹಕ್ಕು ದೊರೆಯಿತು. ಆಗ ಸಾಲ್ಮನ್ ಡಬ್ಬಿ ತುಂಬುವ ಕಾರ್ಖಾನೆಗಳು ಊರಿಗೆ ಕೂಲಿ ಕೊಡುತ್ತಿದ್ದವು. 1934ರಲ್ಲಿ ವಾಷಿಂಗ್ಟನ್ ರಾಜ್ಯದ ಮತದಾರರು ದೊಡ್ಡ ಮೀನುಬೋನುಗಳನ್ನು ನಿಷೇಧಿಸಿದರು. ಹಳೆಯ ಮೀನುಗಾರಿಕೆಯ ಕಾಲ ಅಲ್ಲಿಗೆ ಮುಗಿಯಿತು.

ದಿನದ ಬದುಕು

ಊರಿನ ಪ್ರಾಥಮಿಕ ಶಾಲೆಯಲ್ಲಿ ಇರುವುದು ಮೊದಲ ಕೆಲವು ತರಗತಿಗಳು ಮಾತ್ರ. ಮುಂದಿನ ಓದಿಗೆ ಮಕ್ಕಳು ಬಸ್ಸಿನಲ್ಲಿ ಬ್ಲೇನ್‌ಗೆ ಹೋಗುತ್ತಾರೆ. ಹೋಗುವಾಗ ಎರಡು, ಬರುವಾಗ ಎರಡು, ಒಟ್ಟು ದಿನಕ್ಕೆ ನಾಲ್ಕು ಗಡಿ ತಪಾಸಣೆ! ಊರಿನಲ್ಲಿ ಆಸ್ಪತ್ರೆಯಿಲ್ಲ, ಚಿಕ್ಕ ಚಿಕಿತ್ಸಾಲಯವಿದೆ. ವಿದ್ಯುತ್ತು ಕೆನಡಾದ ಜಾಲದಿಂದ ಬರುತ್ತದೆ. 1970ರ ದಶಕದಲ್ಲಿ ಬಾವಿಗಳ ನೀರು ಸಾಲದೆ ಹೊಸ ಮನೆ ಕಟ್ಟುವುದೇ ಕಷ್ಟವಾಗಿತ್ತು. 1987ರ ಒಪ್ಪಂದದ ನಂತರ ವ್ಯಾಂಕೂವರ್ ಪ್ರದೇಶದ ಜಲಮಂಡಳಿಯಿಂದ ಕುಡಿಯುವ ನೀರು ಕೊಳ್ಳಲಾಗುತ್ತಿದೆ.

ಕೆನಡಾದವರಿಗೂ ಈ ಊರು ಬೇಕು. ಬೇಸಿಗೆ ಮನೆಗಳಲ್ಲಿ ಬಹಳಷ್ಟು ಅವರವೇ. ಪೆಟ್ರೋಲು ಹಾಕಿಸಲು, ಅಮೆರಿಕದ ವಿಳಾಸಕ್ಕೆ ತರಿಸಿದ ಪಾರ್ಸೆಲ್ ಒಯ್ಯಲು ಅವರು ಗಡಿ ದಾಟಿ ಬರುತ್ತಾರೆ. ಅಂಗಡಿಗಳು ನಡೆಯುವುದು ಅವರ ವ್ಯಾಪಾರದ ಬಲದಿಂದ.

ಗೇಟು ಮುಚ್ಚಿದಾಗ

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ಎರಡೂ ದೇಶಗಳು ಅನಗತ್ಯ ಪ್ರಯಾಣಕ್ಕೆ ಗಡಿ ಮುಚ್ಚಿದವು. ವಾಯವ್ಯ ಮೂಲೆಯ ಒಂದು ಸಾವಿರ ಜನರನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಅದಾಗಿರಲಿಲ್ಲ. ಊರು ದ್ವೀಪದಂತಾಯಿತು. ಸೋಂಕು ಕಡಿಮೆಯಿತ್ತು, ಆದರೆ ಗಿರಾಕಿಗಳೂ ಇರಲಿಲ್ಲ. ಊರಿನ ಒಂದೇ ದೊಡ್ಡ ದಿನಸಿ ಅಂಗಡಿ ಮುಚ್ಚುವ ಅಂಚಿಗೆ ಬಂದು, ರಾಜ್ಯ ಸರ್ಕಾರದ ನೆರವಿನಿಂದ ಉಳಿಯಿತು. ಆಗಸ್ಟ್‌ನಲ್ಲಿ ಬೆಲ್ಲಿಂಗ್‌ಹ್ಯಾಮ್‌ಗೆ ತುರ್ತು ದೋಣಿ ಸೇವೆ ಆರಂಭವಾಯಿತು. ಕೆನಡಾ 2021ರ ಆಗಸ್ಟ್ 9ರಂದು ಲಸಿಕೆ ಪಡೆದ ಅಮೆರಿಕನ್ನರಿಗೆ ದಾರಿ ಬಿಟ್ಟಿತು. ಅಮೆರಿಕ ಕೆನಡಾದವರಿಗೆ ಭೂಗಡಿ ತೆರೆದದ್ದು ನವೆಂಬರ್ 8ರಂದು. ಅಷ್ಟರಲ್ಲಿ ಎರಡು ಬೇಸಿಗೆಗಳು ಕಳೆದುಹೋಗಿದ್ದವು.

2025ರಲ್ಲಿ ಎರಡು ದೇಶಗಳ ನಡುವೆ ಸುಂಕದ ಜಗಳ ಎದ್ದಾಗ ಕೆನಡಾದ ಗಿರಾಕಿಗಳು ಮತ್ತೆ ಕಡಿಮೆಯಾದರು. ಆ ಜಗಳದಲ್ಲಿ ಈ ಊರಿನವರ ಪಾಲೇನೂ ಇರಲಿಲ್ಲ.

ಗೆರೆ ಬಿದ್ದು 175 ವರ್ಷಗಳ ಮೇಲಾಯಿತು. ನೀರು, ವಿದ್ಯುತ್ತು, ಶಾಲೆ, ವ್ಯಾಪಾರ ಇವೆಲ್ಲವನ್ನೂ ಆಚೆಯವರ ಜೊತೆ ಒಂದೊಂದಾಗಿ ಹೊಂದಿಸಿಕೊಂಡೇ ಈ ಊರು ಬದುಕಿದೆ. ದೊಡ್ಡ ನಿರ್ಧಾರಗಳು ದೂರದ ರಾಜಧಾನಿಗಳಲ್ಲಿ ಆಗುತ್ತವೆ, ಅವುಗಳ ಲೆಕ್ಕ ತೀರಿಸುವವರು ಗಡಿಗಲ್ಲಿನ ಪಕ್ಕದವರು. ಇದನ್ನು ನಮ್ಮ ಓದುಗರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.