ರಬ್ಬರ್ ಬ್ಯಾಂಡ್ ಕಟ್ಟಿದ ಕಾರುಗಳು

ರೇಸಿಂಗ್ ಗೇಮಿನಲ್ಲಿ ಎಷ್ಟೇ ಜೋರಾಗಿ ಓಡಿಸಿ, ಹಿಂದಿನ ಕಾರು ಬೆನ್ನು ಬಿಡೋದಿಲ್ಲ. ನೀವು ಗುದ್ದಿ ನಿಂತರೆ ಮುಂದಿನವನು ನಿಧಾನ ಆಗ್ತಾನೆ. ಇದೇ 'ರಬ್ಬರ್ ಬ್ಯಾಂಡಿಂಗ್': ನಿಮ್ಮಿಬ್ಬರ ಅಂತರ ನೋಡಿ ಪ್ರೋಗ್ರಾಮ್ ಎದುರಾಳಿಯ ವೇಗ ಏರಿಸಿ ಇಳಿಸುತ್ತೆ. ಎಂಜಿನ್‌ಗೆ ಇಲ್ಲದ ತಾಕತ್ತು ಕೋಡಿನಿಂದ ಬರುತ್ತೆ. ನಮ್ಮ ಹಳ್ಳಿಯ ಎತ್ತಿನಗಾಡಿ ರೇಸಲ್ಲಿ ಹಿಂದೆ ಬಿದ್ದ ಜೋಡಿಗೆ ಯಾರೂ ದಾರಿ ಗಿಡ್ಡ ಮಾಡಿಕೊಡೋದಿಲ್ಲ!

1992ರ ಸೂಪರ್ ಮಾರಿಯೋ ಕಾರ್ಟ್‌ನಲ್ಲೇ ಈ ಚಮತ್ಕಾರ ಇತ್ತು. 1994ರ ಮೊದಲ ನೀಡ್ ಫಾರ್ ಸ್ಪೀಡ್, ಕಾರುಗಳ ವರ್ತನೆ ನಿಜದಂತಿರಲಿ ಅಂತ ರೋಡ್ ಅಂಡ್ ಟ್ರ್ಯಾಕ್ ಪತ್ರಿಕೆಯ ನೆರವು ಪಡೆದಿತ್ತು. ಅದೇ ಸರಣಿಯ 2003ರ ಅಂಡರ್‌ಗ್ರೌಂಡ್‌ನಲ್ಲಿ ಎದುರಾಳಿಗಳು ಮತ್ತೆ ರಬ್ಬರ್ ಬ್ಯಾಂಡಿಗೇ ಜೋತುಬಿದ್ದರು. ಅಂಜನಾಪುರದ ನಮ್ಮ ಬೀದಿಯ ಹುಡುಗರು "ಗೇಮೇ ಚೀಟ್ ಮಾಡುತ್ತೆ ಅಣ್ಣಾ" ಅಂದರೆ ಅದು ಸೋತವರ ನೆಪವಲ್ಲ. ಆಟ ಬೋರಾಗದಿರಲಿ ಅಂತ ಮಾಡಿದ್ದು, ಚೆನ್ನಾಗಿ ಓಡಿಸಿದವನಿಗೆ ದಂಡ.

2005ರ ಫೋರ್ಜಾ ಮೋಟಾರ್‌ಸ್ಪೋರ್ಟ್ ಬೇರೆ ದಾರಿ ಹಿಡಿಯಿತು. ಕೇಂಬ್ರಿಡ್ಜ್‌ನ ಮೈಕ್ರೋಸಾಫ್ಟ್ ರಿಸರ್ಚ್ ರೂಪಿಸಿದ 'ಡ್ರೈವಟಾರ್', ಆಟಗಾರನ ಓಡಿಸುವ ರೀತಿ ನೋಡಿ ಕಲಿಯುತ್ತಿತ್ತು. ಮುಂದೆ ಆ ಸರಣಿಗೆ ಆರ್ಟ್ ಮಾಡಿಕೊಟ್ಟವರಲ್ಲಿ ನಮ್ಮ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕೂಡ ಒಂದು. ರಾಜೇಶ್ ರಾವ್ 1997ರಲ್ಲಿ ಶುರುಮಾಡಿದ ಈ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು.

ನೋಟದಲ್ಲಿ ನಮ್ಮೂರಿನ ಪಾಲಿದೆ. ಓಡಿಸುವ ಬುದ್ಧಿಯಲ್ಲೂ ಪಾಲು ಕೇಳೋ ಕಾಲ ಬಂದಿದೆ.