ಸದಾರಮೆಯ ಕಡೆಯ ಆಟ

ತುಮಕೂರು ಸೀಮೆಯ ಗುಬ್ಬಿಯು ಎರಡು ಕಾರಣಗಳಿಂದ ನಾಡಿನಲ್ಲಿ ಹೆಸರುವಾಸಿಯಾಗಿದೆ. ಮೊದಲನೆಯದು ಅಲ್ಲಿ ನೆಲಸಿರುವ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಸನ್ನಿಧಿ; ಎರಡನೆಯದು ಆ ಸ್ವಾಮಿಯ ನಾಮಾಂಕಿತವನ್ನು ಧರಿಸಿ ಬೆಳೆದ ನಾಟಕ ಮಂಡಳಿ. 1884ರಲ್ಲಿ ಜನ್ಮತಾಳಿದ ಈ ಮಂಡಳಿಯು ‘ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’ವೆಂಬ ಹೆಸರನ್ನು ಹೊತ್ತಿತು, ಜನರ ಬಾಯಿಯಲ್ಲಿ ಮಾತ್ರ ಅದು ಗುಬ್ಬಿ ಕಂಪನಿಯೆಂದೇ ಉಳಿಯಿತು. ಅದೇ 1884ರಲ್ಲಿ ಬೆಂಗಳೂರಿನಿಂದ ಯಶವಂತಪುರದ ಮೇಲೆ ಹಾದು ತುಮಕೂರಿಗೆ ಉಗಿಬಂಡಿ ಓಡತೊಡಗಿದುದು ಸ್ಮರಣೀಯವಾದ ಸಂಗತಿ. ಪರದೆಗಳು, ಪೆಟ್ಟಿಗೆಗಳು, ನಟರ ಸಂಸಾರಗಳು, ಇವೆಲ್ಲವನ್ನೂ ಊರಿಂದೂರಿಗೆ ಸಾಗಿಸಬೇಕಾದ ವೃತ್ತಿನಾಟಕ ಮಂಡಳಿಗಳಿಗೆ ರೈಲುಮಾರ್ಗವು ಎಷ್ಟು ಉಪಕಾರಿಯಾಯಿತೆಂಬುದನ್ನು ವಿವರಿಸಬೇಕಾದುದಿಲ್ಲ.

ಈ ಮಂಡಳಿಯನ್ನು ಬಾಲ್ಯದಲ್ಲಿಯೇ ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಅವರ ಕಾಲದಲ್ಲಿ ಕಂಪನಿಯ ವೈಭವವು ಶಿಖರವನ್ನು ಮುಟ್ಟಿತು. 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕಾಗಿ ನಿಜವಾದ ಆನೆಕುದುರೆಗಳನ್ನು ರಂಗದ ಮೇಲೆ ತಂದ ಸಾಹಸವನ್ನು ಕಂಡವರು ಅದನ್ನು ಬಹುಕಾಲ ಮರೆಯಲಿಲ್ಲ. ಅಂಥ ಪ್ರಯೋಗಕ್ಕೆ ವಿಶಾಲವಾದ ರಂಗ ಬೇಕು, ನೂರಾರು ಕೈಗಳ ದುಡಿಮೆ ಬೇಕು, ಪ್ರತಿದಿನವೂ ಮೇವು ನೀರು ಬೇಕು. ಇವೆಲ್ಲವನ್ನೂ ಹೊರುವ ಗಟ್ಟಿಯಾದ ಬೊಕ್ಕಸವೂ ಬೇಕು.

ಆದರೆ ಅದೇ ಕಂಪನಿಯಲ್ಲಿ ಮತ್ತೊಂದು ನಾಟಕವಿದ್ದಿತು. ಅದಕ್ಕೆ ಆನೆ ಬೇಡ, ರಥ ಬೇಡ, ಸೈನ್ಯ ಬೇಡ. ಅದು ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’. ಪುರಾಣದ ದೇವತೆಗಳಾಗಲಿ ಇತಿಹಾಸದ ಚಕ್ರವರ್ತಿಗಳಾಗಲಿ ಇದರಲ್ಲಿಲ್ಲ. ಹಣಕ್ಕಾಗಿ ಪ್ರಾಣ ಬಿಡುವ ವರ್ತಕ, ಅವನ ಗುಣವತಿಯಾದ ಮಗಳು ಸದಾರಮೆ, ಅವಳಿಗೆ ಮನಸೋತ ರಾಜಕುಮಾರ, ದಾರಿಯಲ್ಲಿ ಎದುರಾಗುವ ಒಬ್ಬ ಕಳ್ಳ, ಇಷ್ಟರಿಂದಲೇ ಕಥೆಯು ನಡೆಯುತ್ತದೆ. ಸಂಕಟದಲ್ಲಿ ಸಿಕ್ಕಿದ ಹೆಣ್ಣು ಅಳುತ್ತ ಕೂಡದೆ, ಗಂಡುವೇಷವನ್ನು ಧರಿಸಿ ತನ್ನ ಬುದ್ಧಿಯಿಂದಲೇ ತನ್ನ ಮಾನವನ್ನು ಕಾಯ್ದುಕೊಳ್ಳುವಳು. ತಂದೆಯ ಲೋಭ ಮಗಳ ಬಾಳಿಗೆ ಉರುಳಾಗುವ ಸಂಗತಿಯು ಯಾವ ಊರಿನ ಪ್ರೇಕ್ಷಕನಿಗೆ ತಾನೆ ಅಪರಿಚಿತ? ಜನರು ನಗುನಗುತ್ತಲೇ ತಮ್ಮ ಮನೆಯ ಕಥೆಯನ್ನು ಅಲ್ಲಿ ಕಂಡುಕೊಂಡರು.

ಈ ನಾಟಕದಲ್ಲಿ ವೀರಣ್ಣನವರು ಆರಿಸಿಕೊಂಡ ಪಾತ್ರವು ರಾಜನದಲ್ಲ, ರಾಜಕುಮಾರನದಲ್ಲ, ಕಳ್ಳನದು. ಮಂಡಳಿಯ ಯಜಮಾನನು ಕಳ್ಳನಾಗಿ ಬಂದು ನಗಿಸಿ ಹೋಗುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ದೊಡ್ಡವನು ಸಣ್ಣವನ ವೇಷದಲ್ಲಿ ನಿಂತಾಗ ಸಭೆಗೂ ರಂಗಕ್ಕೂ ನಡುವಣ ದೂರವು ತಾನಾಗಿಯೇ ಕರಗುವುದು. ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣರ ನಿಲುವನ್ನು ಬಲ್ಲವರಿಗೆ ಆ ಹೆಸರಿನ ಅರ್ಥವೂ, ಕಳ್ಳನ ಪಾತ್ರದ ಅರ್ಥವೂ ಒಂದೇ ಎಂದು ತೋರದಿರದು.

ಒಂದು ಊರಿನ ಮೊಕ್ಕಾಂ ಮುಗಿಯುವ ದಿನಗಳು ಸಮೀಪಿಸಿದಾಗ ‘ಕಡೆಯ ಆಟಗಳು’ ಎಂದು ಸಾರಿ, ಜನ ಮೆಚ್ಚಿದ ಹಳೆಯ ನಾಟಕಗಳನ್ನು ಮತ್ತೆ ಆಡುವುದು ವೃತ್ತಿ ಕಂಪನಿಗಳಲ್ಲಿ ರೂಢಿಯಾಗಿದ್ದಿತು. ಕಡೆಯ ಆಟವೆಂದು ಕೇಳಿದೊಡನೆ ಹತ್ತು ಸಲ ನೋಡಿದವನೂ ಹನ್ನೊಂದನೆಯ ಸಲ ಹೊರಡುವನು. ಮಾರನೆಯ ತಿಂಗಳು ಬೇರೊಂದು ಊರಿನಲ್ಲಿ ಅದೇ ನಾಟಕವು ಹೊಸದಾಗಿ ಆರಂಭವಾಗುವುದು. ಹೀಗೆ ಕಡೆಯ ಆಟವೆಂಬುದು ಕೊನೆಯೂ ಹೌದು, ಮರಳಿ ಬರುವೆನೆಂಬ ಮಾತೂ ಹೌದು.

ಆದರೆ ನಿಜವಾದ ಕೊನೆಯೂ ಒಂದು ದಿನ ಬಂದೇ ಬಂದಿತು. 1934ರಲ್ಲಿ ಕನ್ನಡದಲ್ಲಿ ವಾಕ್ಚಿತ್ರವು ಕಣ್ದೆರೆಯಿತು. ಮರುವರ್ಷವೇ, ಎಂದರೆ 1935ರಲ್ಲಿ, ಸದಾರಮೆಯೂ ಬೆಳ್ಳಿತೆರೆಯನ್ನೇರಿದಳು. ಕಂಪನಿಯಲ್ಲಿ ಪಳಗಿದ ಕಲಾವಿದರು ಒಬ್ಬೊಬ್ಬರಾಗಿ ಚಿತ್ರರಂಗಕ್ಕೆ ನಡೆದರು; ವೀರಣ್ಣನವರೂ ಚಿತ್ರಗಳನ್ನು ನಿರ್ಮಿಸಿದರು. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರಂಥ ನಾಯಕನಟನು ನಾಡಿಗೆ ದೊರೆತನು. ರಂಗಭೂಮಿಯು ತನ್ನ ಮಕ್ಕಳನ್ನು ಬೆಳೆಸಿ ಬೇರೊಂದು ಮನೆಗೆ ಕೊಟ್ಟಿತು. ತಾನು ಮಾತ್ರ ಬಡವಾಯಿತು. 1972ರಲ್ಲಿ ವೀರಣ್ಣನವರು ಲಿಂಗೈಕ್ಯರಾದರು. ಆ ಮಹಾ ಮಂಡಳಿಯ ಸಂಚಾರವು ನಿಂತಿತು. ಕುರುಕ್ಷೇತ್ರದ ಆನೆಗಳು ನೆನಪಿಗೆ ಸೇರಿದುವು.

ಸದಾರಮೆಯಾದರೋ ಮರಳಿ ಬಂದಳು. ವೀರಣ್ಣನವರ ಮಗಳು ಮಾಲತಮ್ಮನವರ ಪುತ್ರಿಯಾದ ಬಿ. ಜಯಶ್ರೀಯವರು ತಾತನ ಕಂಪನಿಯಲ್ಲಿ ಎಳೆಯ ವಯಸ್ಸಿನಲ್ಲಿಯೇ ಬಣ್ಣ ಹಚ್ಚಿದವರು. ಅನಂತರ ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಶಾಸ್ತ್ರೋಕ್ತವಾಗಿ ಕಲಿತವರು. 1976ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಸ್ಪಂದನ’ ತಂಡದಿಂದ ಅವರು ಸದಾರಮೆಯನ್ನು ಪುನಃ ರಂಗಕ್ಕೆ ತಂದರು. ಪುಸ್ತಕದಲ್ಲಿ ಅಚ್ಚಾಗಿರುವ ಮಾತುಗಳಿಂದಷ್ಟೇ ಇದು ಸಾಧ್ಯವಾಗುವಂಥದಲ್ಲ. ಹಾಡನ್ನು ಎಲ್ಲಿ ಎತ್ತಬೇಕು, ಹಾರ್ಮೋನಿಯಂ ಎಲ್ಲಿ ತಡೆದು ನಿಲ್ಲಬೇಕು, ಸಭೆಯು ನಕ್ಕು ಮುಗಿಸುವವರೆಗೆ ಕಳ್ಳನು ಹೇಗೆ ಕಾಯಬೇಕು ಎಂಬ ವಿದ್ಯೆಯು ಬಾಯಿಂದ ಬಾಯಿಗೆ, ಕಣ್ಣಿಂದ ಕಣ್ಣಿಗೆ ಬರತಕ್ಕದ್ದು. ಅದನ್ನು ಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವುದರಿಂದ, ಇಂಥ ನಾಟಕದ ಪ್ರತಿಯೊಂದು ಪ್ರಯೋಗವೂ ಇದೇ ಕಡೆಯದೋ ಎಂಬ ಆತಂಕವನ್ನು ಹೊತ್ತೇ ಬರುವುದು.

ಮಹತ್ತಾದುದು ಬೀಳುವಾಗ ತನ್ನ ಭಾರದಿಂದಲೇ ಬೀಳುವುದು. ಕಿರಿದಾದುದು ಯಾರಾದರೊಬ್ಬರ ಮಡಿಲಲ್ಲಿ ಉಳಿಯುವುದು. ಮಠಗಳ ಚರಿತ್ರೆಯೂ ಇದಕ್ಕೆ ಹೊರತಲ್ಲ. ಕಟ್ಟಡಗಳು ಶಿಥಿಲವಾಗಿ, ದತ್ತಿಗಳು ಕೈಬಿಟ್ಟಾಗಲೂ, ಗುರುವಿನಿಂದ ಕಲಿತುದನ್ನು ಶಿಷ್ಯನೊಬ್ಬನು ನಿತ್ಯವೂ ಆಚರಿಸುತ್ತಿದ್ದರೆ ಪರಂಪರೆಯು ತುಂಡಾಗದು. ತಾತನಿಂದ ಮೊಮ್ಮಗಳು ಪಡೆದ ಸದಾರಮೆಯು ಈ ತತ್ತ್ವಕ್ಕೆ ಕಣ್ಣೆದುರಿನ ನಿದರ್ಶನ. ಮುಂದಿನ ತಲೆಮಾರಿನಲ್ಲಿ ಆ ಹಾಡನ್ನು ಕಲಿಯುವ ಮಗುವೊಂದು ಇರುವವರೆಗೆ, ಯಾವ ಆಟವೂ ಕಡೆಯ ಆಟವಲ್ಲ.